ಕಲಬುರಗಿಯ ಧೂಳಿಗೆ ಯಾವ ಫ್ಯಾನ್ ಒಳಗೆ, ಯಾವುದು ಹೊರಗೆ?

120 ಎಂಎಂ ಫ್ಯಾನ್ ಮೂರಿವೆ, ಕಂಪ್ಯೂಟರ್ ಕೇಸಿಗೆ ಹೇಗೆ ಹಾಕಲಿ ಅಂತ ಕೇಳಿದ್ದೀರಿ. ಮುಂದಿನ ಎರಡು ಗಾಳಿ ಒಳಗೆಳೆಯಲಿ, ಹಿಂದಿನದು ಹೊರದಬ್ಬಲಿ. ಒಳಬರುವ ಗಾಳಿ ಹೆಚ್ಚಿದ್ದರೆ ಕೇಸಿನೊಳಗೆ ಒತ್ತಡ ತುಸು ಏರಿ, ಸಂದಿಗೊಂದಿಗಳಿಂದ ಗಾಳಿ ಹೊರಗೇ ನುಗ್ಗುತ್ತದೆ. ಧೂಳು ಬಹುಪಾಲು ಮುಂದಿನ ಫಿಲ್ಟರಿನಲ್ಲೇ ನಿಲ್ಲುತ್ತದೆ. ಉಲ್ಟಾ ಮಾಡಿದರೆ ಪ್ರತಿ ಸಂದಿಯೂ ಧೂಳು ಹೀರುತ್ತದೆ. ನಮ್ಮ ಕಲಬುರಗಿಯಲ್ಲಿ, ಅದೂ ರಸ್ತೆ ಬದಿಯ ಮನೆಯಾದರೆ, ಕೇಳಲೇಬೇಡಿ.

ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡರೆ ಈ ಲೆಕ್ಕವೆಲ್ಲ ತಲೆಕೆಳಗು. ನಾನಂತೂ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಆದರೆ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ, ಎಷ್ಟು ಫ್ಯಾನ್ ಹಾಕಿದರೂ ಪ್ರೊಸೆಸರ್ ಅದಕ್ಕಿಂತ ತಣ್ಣಗಾಗದು. ಸಾಮಾನ್ಯವಾಗಿ ಫ್ಯಾನಿನ ಮೋಟಾರು ಹಿಡಿದಿರುವ ಕಡ್ಡಿಗಳ ಬದಿಯಿಂದ ಗಾಳಿ ಹೊರಬರುತ್ತದೆ; ನೋಡಿಕೊಂಡು ಸ್ಕ್ರೂ ಬಿಗಿಯಿರಿ.