ಸೀನಿಯರ್ ಜೊತೆ ಮಾತು ನಿಂತಾಗ

ನಿಮ್ಮ ಪ್ರಶ್ನೆ ಓದಿದೆ. ಪ್ರಾಣಿಗಳ ಆಸ್ಪತ್ರೆಯಲ್ಲಿ ಸಹಾಯಕರಾಗಿ ಸೇರಿದ್ದೀರಿ, ಸೀನಿಯರ್ ನರ್ಸ್ ಎಲ್ಲರೆದುರೇ ತಿದ್ದುತ್ತಾರೆ, ಶಿಫ್ಟ್ ಮುಗಿದಾಗ ಏನೂ ಹೇಳದೆ ಹೊರಡುತ್ತಾರೆ, ಮ್ಯಾನೇಜರ್ ಹತ್ತಿರ ಹೋಗಲೋ ಸುಮ್ಮನಿರಲೋ ಅಂತ ಕೇಳಿದ್ದೀರಿ. ಜೊತೆಗೆ ವೀಸಾ, ಬಾಡಿಗೆ, ಚಳಿ. ಚಳಿ ಅಭ್ಯಾಸವಾಗುತ್ತೆ, ಬಾಡಿಗೆ ಆಗಲ್ಲ. ವೀಸಾ ಬಗ್ಗೆ ವಕೀಲರನ್ನೇ ಕೇಳಿ.

ದೊಡ್ಡವರೆದುರು ಬಾಯಿ ಬಿಡದೆ ಬೆಳೆದವರು ನಾವು, ಬಿಡಿಸಿ ಹೇಳಬೇಕಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಡಾಕ್ಟರು ಏನಂದರೂ ನಾನು ತಲೆಯಾಡಿಸುತ್ತಿದ್ದೆ. ಅರ್ಥವಾಗಿದೆ ಅಂದುಕೊಂಡು ಅವರು ಮುಂದಿನ ಪಂಜರಕ್ಕೆ ಹೋಗುತ್ತಿದ್ದರು.

ಆಗ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕೊಂದಿತ್ತು. ಬೆಳಗಿನ ಹುಡುಗ ಊಟದ ತಟ್ಟೆ ಇಟ್ಟು ಶೀಟಿನಲ್ಲಿ ಟಿಕ್ ಹಾಕಿದ. ಅವನ ಲೆಕ್ಕದಲ್ಲಿ ಊಟ ಇಟ್ಟಾಯಿತು, ನರ್ಸ್ ಲೆಕ್ಕದಲ್ಲಿ ಬೆಕ್ಕು ತಿಂದಾಯಿತು. ಆಕೆ ಇನ್ಸುಲಿನ್ ಪೂರ್ತಿ ಡೋಸ್ ಕೊಟ್ಟರು. ಬೆಕ್ಕು ತಟ್ಟೆ ಮೂಸಿ ಬಿಟ್ಟಿತ್ತು ಅಷ್ಟೆ. ಹೊಟ್ಟೆಗೆ ಬೀಳದೆ ಪೂರ್ತಿ ಇನ್ಸುಲಿನ್ ಹೋದರೆ ರಕ್ತದ ಸಕ್ಕರೆ ತೀರಾ ಇಳಿದುಬಿಡಬಹುದು. ಮಧ್ಯಾಹ್ನದ ಹೊತ್ತಿಗೆ ನಡೆಯಲಾರದೆ ತೂರಾಡಿತು, ಆಮೇಲೆ ಫಿಟ್ಸ್. ಒಸಡಿಗೆ ಸಕ್ಕರೆ ಪಾಕ ಸವರಿ, ಗ್ಲೂಕೋಸ್ ಏರಿಸಿ ಉಳಿಸಿಕೊಂಡರು.

ಬೆಕ್ಕು ವಾಸಿಯಾಗಿ ಮನೆಗೆ ಹೋಯಿತು. ಹುಡುಗನಿಗೂ ನರ್ಸ್‌ಗೂ ನಡುವೆ ಮಾತೇ ನಿಂತುಹೋಯಿತು. ಬ್ರೇಕ್ ರೂಮಿನಲ್ಲಿ ಅವನು ಸೋಮಾರಿ, ಇವಳಿಗೆ ಜಂಬ ಅಂತ ಕಥೆ ಬೆಳೆಯಿತು. ಎಷ್ಟು ತಿಂದಿತು ಅಂತ ಬರೆಯಲು ಶೀಟಿನಲ್ಲಿ ಜಾಗವೇ ಇಲ್ಲ ಅನ್ನೋದನ್ನು ಯಾರೂ ನೋಡಲಿಲ್ಲ. ಹುಡುಗ ಕೆಲಸ ಬಿಟ್ಟ. ಹೆದರಿ ಮೂಲೆ ಸೇರಿದ ನಾಯಿಯನ್ನು ಅವನಂತೆ ಹೊರಗೆ ಕರೆತರುವವರು ಮತ್ತೆ ಸಿಗಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುವವರು ಒಬ್ಬರಾದರೂ ಇರಬಾರದಿತ್ತೇ ಅಂತ ಈಗಲೂ ಕೊರೆಯುತ್ತೆ. ಈಗ ನಮ್ಮ ವಾರ್ಡಿನ ಶೀಟಿನಲ್ಲಿ ಇಟ್ಟದ್ದಕ್ಕೊಂದು, ಉಳಿದದ್ದಕ್ಕೊಂದು ಕಾಲಂ ಇದೆ. ಅದು ನನ್ನದೇ ಕೈಕೆಲಸ, ಹೇಳಿಕೊಳ್ಳೋಕೆ ನಾಚಿಕೆಯಿಲ್ಲ.

ಆದ್ದರಿಂದ ಶಿಫ್ಟ್ ಒಪ್ಪಿಸಿಕೊಳ್ಳುವಾಗ ಪಂಜರದ ಮುಂದೆಯೇ ನಿಂತು ಕೇಳಿ. 60 ಗ್ರಾಂ ಇಟ್ಟರು, 50 ಉಳಿದಿದೆ, ಇನ್ಸುಲಿನ್ ಕೊಟ್ಟಿಲ್ಲ, ಡಾಕ್ಟರಿಗೆ ತಿಳಿಸಿದೆ, ಹೀಗೆ ನೀವೇ ತಿರುಗಿ ಹೇಳಿ. ತೂಕ ಕೆಜಿಯೋ ಪೌಂಡೋ ಕೇಳಿ. ಪ್ರಾಣಿಗಳಿಗೆಂದೇ ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಮನುಷ್ಯರದು ಸಾಮಾನ್ಯವಾಗಿ 100. ಒಂದೊಂದಕ್ಕೂ ಅದರದೇ ಗೆರೆಯ ಸಿರಿಂಜ್, ಅದು ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಇಷ್ಟು ಕೇಳಿದ್ದಕ್ಕೆ ದಡ್ಡ ಅಂದರೆ ಅನ್ನಲಿ ಬಿಡಿ.

ಪ್ರಾಣಿ ಕೈಯಲ್ಲಿದ್ದಾಗ ಯಾರಾದರೂ ಗದರಿದರೆ ಅವಮಾನ ಅಂದುಕೊಳ್ಳಬೇಡಿ, ಕಚ್ಚಿಸಿಕೊಳ್ಳದಿರಲಿ ಅಂತ ಕೂಗಿರುತ್ತಾರೆ. ಬಾಗಿಲ ಬಳಿ, ಸಾಕಿದವರೆದುರು ತಿದ್ದಿದರೆ ಅದು ಬೇರೆ ಮಾತು. ಮೊದಲು ಅವರನ್ನೇ ಒಂಟಿಯಾಗಿ ಕಂಡು, ಇಂಥ ದಿನ ಇಂಥ ಪ್ರಾಣಿಯ ವಿಷಯದಲ್ಲಿ ಹೀಗಾಯಿತು ಅಂತ ಹೇಳಿ. ನಿಲ್ಲದಿದ್ದರೆ ಬರೆದುಕೊಂಡೇ ಮ್ಯಾನೇಜರ್ ಹತ್ತಿರ ಹೋಗಿ. ದಯಾಮರಣ ಕೊಟ್ಟ ದಿನ ಮಾತ್ರ ಬೇಡ, ಅವತ್ತು ಯಾರಿಗೂ ಯಾರ ಮಾತೂ ಸರಿಯಾಗಿ ಕೇಳಿಸಲ್ಲ.

ಬೆಕ್ಕು ಕಚ್ಚಿದ್ದನ್ನು ಯಾರನ್ನೋ ಉಳಿಸಲು ಮುಚ್ಚಿಡಬೇಡಿ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಎಷ್ಟೋ ಸಲ ಮರುದಿನ ಕೈ ಊದಿಕೊಳ್ಳುತ್ತೆ. ಅವತ್ತೇ ಬರೆಸಿ, ಡಾಕ್ಟರಿಗೆ ತೋರಿಸಿ.

ಮ್ಯಾನೇಜರ್ ಏನಂದರು ಅಂತ ತಿಳಿಸಿ.