ಯಾರ ಕೈ, ಆ ಕೈಯಲ್ಲಿ ಏನಿದೆ?

ನಮಸ್ಕಾರ,

ಬೆಂಗಳೂರಿನ ಕಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸರ್ಕಾರ, ಕಂಪನಿಗಳು, ಸಂಘ ಸಂಸ್ಥೆಗಳು, ಜನ ಎಲ್ಲರೂ ಕೈಜೋಡಿಸಿದರೆ ಕಸದ ಸಮಸ್ಯೆ ಬಗೆಹರಿಯುತ್ತದೆ ಅಂತೀರಿ. 'ಕೈಜೋಡಿಸಬೇಕು' ಅನ್ನುವುದು 6 ಪುಟದಲ್ಲಿ 11 ಸಲ ಬಂದಿದೆ. ಯಾರ ಕೈ, ಆ ಕೈಯಲ್ಲಿ ಏನಿದೆ ಅನ್ನುವುದು ಒಂದು ಸಲವೂ ಬಂದಿಲ್ಲ. ಯಾರೂ ಬೇಡ ಅನ್ನದ ಮಾತನ್ನು ಓದುಗರು ಯಾಕೆ ಓದಬೇಕು ಹೇಳಿ?

ನಿಮ್ಮ ಲೇಖನದಲ್ಲಿ ಎಲ್ಲರೂ ಒಳ್ಳೆ ಮನಸ್ಸಿನಿಂದ ತಾವಾಗಿಯೇ ಒಂದೆಡೆ ಸೇರುತ್ತಾರೆ. ನಡೆದದ್ದು ಹಾಗಲ್ಲ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನಮ್ಮೂರಿಗೆ ಇನ್ನು ನಿಮ್ಮ ಕಸ ಬೇಡ ಅಂದರು. ಅಲ್ಲಿಗೆ ಲಾರಿ ಹೋಗುವುದು ನಿಂತಿತು, ನಗರದ ಬೀದಿಗಳಲ್ಲಿ ರಾಶಿ ಬಿತ್ತು. 2014ರಲ್ಲಿ ಮಂಡೂರಿನವರೂ ಅದನ್ನೇ ಹೇಳಿದರು. ಹೈಕೋರ್ಟ್ ಪಾಲಿಕೆಯನ್ನು ಮತ್ತೆ ಮತ್ತೆ ಪ್ರಶ್ನಿಸಿತು. ವಾರ್ಡಿಗೊಂದು ಒಣ ಕಸ ಸಂಗ್ರಹ ಕೇಂದ್ರ ಅನ್ನುವ ಏರ್ಪಾಡು ಬೆಳೆದದ್ದು ಈ ಒತ್ತಡದಲ್ಲಿ. ಆ ಎರಡು ಹಳ್ಳಿಗಳ ಹೆಸರೇ ನಿಮ್ಮ ಲೇಖನದಲ್ಲಿಲ್ಲ.

ಅಂಥ ಒಂದು ಕೇಂದ್ರಕ್ಕೆ ಹೋಗಿ, ಅರ್ಧ ದಿನ ಕೂತು ಬನ್ನಿ. ಜಾಗ, ಶೆಡ್ಡು ಪಾಲಿಕೆಯದು. ನಡೆಸುವವರು ಹಲವು ಕಡೆ ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಅವರ ಬೆನ್ನಿಗೆ ನಿಂತದ್ದು ಹಸಿರು ದಳದಂಥ ಸಂಸ್ಥೆಗಳು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕಾದವರು ನಾವು. ಇದರಲ್ಲಿ ಒಬ್ಬರು ತಪ್ಪಿದರೆ ಪೆಟ್ಟು ಯಾರಿಗೆ? ಒಣ ಕಸಕ್ಕೆ ಸಾಂಬಾರು ಬೆರೆತರೆ ಆ ರಟ್ಟು, ಕಾಗದ ಗುಜರಿಗೆ ಹೋಗಲ್ಲ. ಕೇಂದ್ರ ನಡೆಸುವಾಕೆಯ ಅವತ್ತಿನ ಸಂಪಾದನೆ ಹೋಯಿತು. ನೀರಿನ ಬಾಟಲಿಗೆ ಬೆಲೆ ಇದೆ. ಚಿಪ್ಸ್ ಪೊಟ್ಟಣ ಯಾರಿಗೂ ಬೇಡ. ಅದನ್ನು ಸಿಮೆಂಟ್ ಕಾರ್ಖಾನೆಗೆ ಸುಡಲು ಕಳಿಸಬೇಕು, ಲಾರಿ ಬಾಡಿಗೆ ಯಾರಾದರೂ ಕೊಡಬೇಕು. ಪೊಟ್ಟಣ ಮಾಡಿದ ಕಂಪನಿಗೂ ಹೊಣೆ ಇದೆ ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ. ಆ ದುಡ್ಡು ಈ ಶೆಡ್ಡಿನ ತನಕ ಬರುತ್ತಾ? ಅಲ್ಲೇ ಕೇಳಿ, ಬರೆದುಕೊಂಡು ಬನ್ನಿ. ನನಗೆ ಬೇಕಾದ ಲೇಖನ ಅದು.

ಇನ್ನೊಂದು ಮಾತು. ಚಿಂದಿ ಆಯುವವರು ನಿಮ್ಮ ಐದನೇ ಪುಟದಲ್ಲಿ ಒಂದೇ ಒಂದು ಸಲ ಬರುತ್ತಾರೆ, ಅದೂ 'ಫಲಾನುಭವಿಗಳು' ಅಂತ. ಇದು ನನಗೆ ನಿಜಕ್ಕೂ ನೋವಾಯಿತು. ಯಾವ ಯೋಜನೆಯೂ ಇಲ್ಲದ ಕಾಲದಿಂದ ಈ ಊರಿನ ಪ್ಲಾಸ್ಟಿಕ್ಕು, ಕಬ್ಬಿಣ, ಕಾಗದವನ್ನು ಆರಿಸಿದವರು ಅವರು. ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಈ ಕೆಲಸದಲ್ಲಿ ಎಲ್ಲರಿಗಿಂತ ಹಳೆಯ ಪಾಲುದಾರರು ಅವರೇ. ಹಾಗೆಯೇ ಬರೆಯಿರಿ.

'ಸಮನ್ವಯದ ಕೊರತೆ' ಅಂತ ಬಂದ ಕಡೆಯೆಲ್ಲ ನಿಲ್ಲಿ. ಯಾರು ಯಾರಿಗೆ ಏನು ಹೇಳಲಿಲ್ಲ, ಯಾವ ಬಿಲ್ಲು ಎಷ್ಟು ತಿಂಗಳು ನಿಂತಿತ್ತು ಅಂತ ಬರೆಯಿರಿ. 'ಸಬಲೀಕರಣ' ಸುಮ್ನೆ ತೆಗೆದುಬಿಡಿ.

ಮೂರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ನಿಮ್ಮ ಅಮ್ಮ ಬೇರೆ ಬೇರೆ ಮಾಡಿ ಕೊಟ್ಟ ಎರಡು ಬುಟ್ಟಿಯನ್ನೂ ಟಿಪ್ಪರಿನವರು ಒಂದೇ ರಾಶಿಗೆ ಸುರಿಯುತ್ತಾರೆ. "ಹಾಗಾದ್ರೆ ನಾನ್ಯಾಕೆ ಕಷ್ಟಪಡ್ಲಿ?" ಅಂತ ಅಮ್ಮ ಕೇಳುತ್ತಾರೆ. ಅದನ್ನು ಓದಿದಾಗ ನಿಮಗೆ ಬರೆಯೋಕೆ ಬರುತ್ತೆ ಅಂತ ಗೊತ್ತಾಯಿತು. ಲೇಖನ ಅಲ್ಲಿಂದ ಶುರುವಾಗಲಿ. ಅಮ್ಮನ ಪ್ರಶ್ನೆ ಹಿಡಿದು ಆ ಗಾಡಿಯ ಹಿಂದೆ ಹೋಗಿ. ಅದರಲ್ಲಿ ಎರಡು ಕಸಕ್ಕೆ ಬೇರೆ ಜಾಗ ಇದೆಯಾ, ಇದ್ದರೂ ಯಾಕೆ ಬೆರೆಸುತ್ತಾರೆ ಅಂತ ಚಾಲಕರನ್ನೇ ಕೇಳಿ. ಬೆಳಗ್ಗೆ ನಿಮ್ಮ ಗೇಟಿಗೇ ಬರ್ತಾರೆ ಅಲ್ವಾ.