ತಾರೀಕು ಗೊತ್ತಿರುವ ಪ್ರೀತಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಬಗೆಯ ಕಾದಂಬರಿಗಳ ಮೇಲೆ. ಕಾಲ ದಾಟಿ ಹಿಂದಕ್ಕೆ ಹೋಗುವ ನಾಯಕಿ, ಹಳೇ ಕಾಲದ ನಾಯಕ, ನಡುವೆ ದೆವ್ವ, ಮಾಟ, ಮಾತಾಡುವ ಕಲ್ಲು. ನನಗೂ ಇವು ತುಂಬಾ ಇಷ್ಟ. ಹಾಗಾಗಿ ಈ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಮಗಳು ‘ಔಟ್‌ಲ್ಯಾಂಡರ್’ ಅನ್ನೋ ದಪ್ಪ ಇಂಗ್ಲಿಷ್ ಕಾದಂಬರಿ ಕೊಟ್ಟಿದ್ದಾಳೆ. ಒಬ್ಬ ನರ್ಸ್ ಕಲ್ಲು ಮುಟ್ಟಿ ಇನ್ನೂರು ವರ್ಷ ಹಿಂದೆ ಹೋಗಿಬಿಡುತ್ತಾಳೆ. ಕೈಬಿಡೋಕೆ ಮನಸ್ಸಿಲ್ಲ. ಮನೆಯವರು ‘ಈ ವಯಸ್ಸಲ್ಲಿ ಇದೇನು ಹುಡುಗಾಟ’ ಅಂತಾರೆ. ಇದು ಕಾಲಹರಣವಾ? (ಗೃಹಿಣಿ, ತೀರ್ಥಹಳ್ಳಿ)

ಖಂಡಿತ ಅಲ್ಲ. ಧೈರ್ಯವಾಗಿ ಓದಿ. ಮನೆಯವರು ಮತ್ತೆ ಕೇಳಿದರೆ ಭಾಗವತದ ರೇವತಿಯ ಕಥೆ ಹೇಳಿ. ಮಗಳಿಗೆ ತಕ್ಕ ವರ ಯಾರು ಅಂತ ಕೇಳಲು ಕಕುದ್ಮಿ ರಾಜ ಅವಳನ್ನೂ ಕರೆದುಕೊಂಡು ಬ್ರಹ್ಮನ ಹತ್ತಿರ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿರುತ್ತದೆ. ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ಕೊನೆಗೆ ರೇವತಿ ಕೈಹಿಡಿಯುವುದು ಬಲರಾಮನನ್ನು. ಇದೂ ಕಾಲ ದಾಟಿದ ಹುಡುಗಿಯ ಮದುವೆಯ ಕಥೆಯೇ ಅಲ್ವಾ?

ನಿಮ್ಮ ಕೈಯಲ್ಲಿರುವುದು ಅಮೆರಿಕದ ಡಯಾನಾ ಗಬಾಲ್ಡನ್ ಅವರ ಕಾದಂಬರಿ. ಮೊದಲು ಬಂದದ್ದು 1991ರಲ್ಲಿ. ನಾಯಕಿ ಕ್ಲೇರ್ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡವಳು. ಯುದ್ಧ ಮುಗಿದ ಮೇಲೆ ಗಂಡನ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರುತ್ತಾಳೆ, ಅಲ್ಲಿಂದ 1743ಕ್ಕೆ ಜಾರುತ್ತಾಳೆ. ಅಲ್ಲಿ ಅವಳು ಮೊದಲು ಮಾಡುವ ಕೆಲಸ ನೋಡಿ. ಜೇಮಿ ಅನ್ನುವ ಹುಡುಗನ ಭುಜದ ಕೀಲು ತಪ್ಪಿದೆ. ಸುತ್ತ ನಿಂತ ಗಂಡಸರು ಅದನ್ನು ತಪ್ಪು ದಿಕ್ಕಿಗೆ ತಿರುಚಲು ಹೊರಟಿದ್ದಾರೆ. ಇವಳಿಗೆ ತಡೆದುಕೊಳ್ಳಲಾಗುವುದಿಲ್ಲ, ಮುಂದೆ ಬಂದು ಕೀಲು ಕೂರಿಸುತ್ತಾಳೆ. ಆಮೇಲೆ ಅವನ ಗಾಯಕ್ಕೆ ಅಯೋಡಿನ್ ಇದೆಯಾ ಅಂತ ಕೇಳಿದರೆ ಎಲ್ಲರೂ ಮಿಕಮಿಕ ನೋಡುತ್ತಾರೆ. ಇನ್ನೂರು ವರ್ಷದ ಅಂತರವನ್ನು ನಾನು ನಂಬಿದ್ದು ಅಯೋಡಿನ್ ಸಿಗದ ಆ ಪುಟದಲ್ಲಿ. ಕಲ್ಲು ಮುಟ್ಟಿದ ಪುಟದಲ್ಲಿ ಅಲ್ಲ.

ಸಾಮಾನ್ಯ ಪ್ರೇಮಕಥೆಯಲ್ಲಿ ಇವರಿಬ್ಬರೂ ಒಂದಾಗುತ್ತಾರಾ ಅಂತ ಕಾಯುತ್ತೇವೆ. ಇಲ್ಲಿ ಕ್ಲೇರ್ ಮತ್ತು ಜೇಮಿಯ ಮದುವೆ ಅರ್ಧ ಪುಸ್ತಕಕ್ಕೂ ಮೊದಲೇ ಆಗಿಹೋಗುತ್ತದೆ. ಆದರೆ ಕ್ಲೇರ್‌ಗೆ ಒಂದು ತಾರೀಕು ಗೊತ್ತು. 1746ರ ಏಪ್ರಿಲ್ 16. ಅವತ್ತು ಕಲೋಡನ್ ಬಯಲಿನ ಯುದ್ಧದಲ್ಲಿ ಜೇಮಿಯ ಜನ ನಾಶವಾಗುತ್ತಾರೆ. ನಮ್ಮ ಪುನರ್ಜನ್ಮದ ಕಥೆಗಳಲ್ಲಿ ಕೆಟ್ಟದ್ದು ಹಿಂದಿನ ಜನ್ಮದಲ್ಲೇ ನಡೆದು ಮುಗಿದಿರುತ್ತದೆ, ನೆನಪು ಮಾತ್ರ ಬರುತ್ತದೆ. ಇಲ್ಲಿ ಕೆಟ್ಟ ದಿನ ಇನ್ನೂ ಮುಂದಿದೆ. ಗಂಡ ಪಕ್ಕದಲ್ಲಿ ಮಲಗಿದ್ದಾನೆ, ಹೆಂಡತಿ ದಿನ ಎಣಿಸುತ್ತಿದ್ದಾಳೆ. ನಾನು ಈ ಜಾತಿಯ ಕಾದಂಬರಿಗಳನ್ನು ಇಷ್ಟಪಡುವುದು ಇದಕ್ಕೇ.

ಪ್ರಶ್ನೆ: ಅದರಲ್ಲಿ ಇತಿಹಾಸ ಎಷ್ಟು, ಕಟ್ಟುಕಥೆ ಎಷ್ಟು? (ನಿವೃತ್ತ ಶಿಕ್ಷಕರು, ಹುಬ್ಬಳ್ಳಿ)

ಮೇಷ್ಟ್ರೇ, ಯುದ್ಧ ಪೂರ್ತಿ ನಿಜ. ಗದ್ದುಗೆ ಕಳೆದುಕೊಂಡ ಸ್ಟುವರ್ಟ್ ಮನೆತನದ ಚಾರ್ಲ್ಸ್ ಎಡ್ವರ್ಡ್ 1745ರಲ್ಲಿ ಸ್ಕಾಟ್ಲೆಂಡಿಗೆ ಬಂದಿಳಿದ. ಹೈಲ್ಯಾಂಡ್ ಬೆಟ್ಟಸೀಮೆಯ ಹಲವು ಕುಲಗಳು ಅವನ ಬೆನ್ನಿಗೆ ನಿಂತವು. ಮರು ವರ್ಷ ಕಲೋಡನ್‌ನಲ್ಲಿ ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಆಮೇಲೆ ಬಂದ ಕಾನೂನು ಬೆಟ್ಟಸೀಮೆಯ ಗಂಡಸರ ಉಡುಪನ್ನೇ ನಿಷೇಧಿಸಿತು. ಆ ನಿಷೇಧ ರದ್ದಾದದ್ದು 1782ರಲ್ಲಿ.

ಕ್ಲೇರ್ ಮುಟ್ಟುವ ಕಲ್ಲಿನ ವೃತ್ತ ಮಾತ್ರ ಲೇಖಕಿಯ ಕಲ್ಪನೆ. ಆದರೆ ಕಲೋಡನ್ ಹತ್ತಿರವೇ ಕ್ಲಾವಾ ಅನ್ನುವ ಜಾಗದಲ್ಲಿ ಸುಮಾರು 4,000 ವರ್ಷ ಹಳೆಯ ಸಮಾಧಿಗಳಿವೆ, ಸುತ್ತಲೂ ನಿಲ್ಲಿಸಿದ ಕಲ್ಲುಗಳಿವೆ. ಗುಡ್ಡದೊಳಗೆ ಹೋದವನು ಒಂದು ರಾತ್ರಿ ಕಳೆದು ಬಂದರೆ ಹೊರಗೆ ಎಷ್ಟೋ ವರ್ಷ ಆಗಿರುತ್ತದೆ ಅನ್ನುವ ಜನಪದ ಕಥೆಗಳೂ ಆ ಸೀಮೆಯವೇ.

ನೀವು ಇತಿಹಾಸ ಓದಿದವರು, ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ಕಾದಂಬರಿಯಲ್ಲಿ 1743ರಲ್ಲಿ ಮಾಟಗಾತಿಯರ ವಿಚಾರಣೆ ನಡೆಯುತ್ತದೆ. ನಿಜವಾಗಿ ಮಾಟಕ್ಕೆ ಮರಣದಂಡನೆ ಕೊಡುವ ಕಾನೂನನ್ನು ಬ್ರಿಟನ್ 1736ರಲ್ಲೇ ತೆಗೆದುಹಾಕಿತ್ತು. ಅಂದರೆ ಆ ವಿಚಾರಣೆ ನಡೆಯುವಂತೆಯೇ ಇರಲಿಲ್ಲ. ಆದರೂ ಆ ಅಧ್ಯಾಯವನ್ನು ನಾನು ಬಿಟ್ಟುಕೊಡಲಾರೆ. ಒಬ್ಬ ಹೆಂಗಸಿನ ತೋಳಿನ ಮೇಲೆ ಸಣ್ಣ ಗುಂಡನೆಯ ಗುರುತು ಕಾಣುತ್ತದೆ. ಜನ ಅದನ್ನು ಸೈತಾನನ ಮುದ್ರೆ ಅನ್ನುತ್ತಾರೆ. ಕ್ಲೇರ್‌ಗೆ ಮಾತ್ರ ಅದು ಸಿಡುಬಿನ ಲಸಿಕೆಯ ಕಲೆ ಅಂತ ಹೊಳೆಯುತ್ತದೆ. ನನ್ನ ತೋಳಿನ ಮೇಲೂ ಇದೆ, ಬಹುಶಃ ನಿಮ್ಮದರ ಮೇಲೂ. ಅವಳು ಯಾರು ಅಂತ ಇಲ್ಲಿ ಹೇಳುವುದಿಲ್ಲ, ಓದಿಯೇ ತಿಳಿಯಬೇಕು.

ಪ್ರಶ್ನೆ: ಕಾಲಯಾನ, ದೆವ್ವ, ಮಾಟ, ಪ್ರೇಮ ಎಲ್ಲ ಒಂದೇ ಪುಸ್ತಕದಲ್ಲಿದ್ದರೆ ಜಾಸ್ತಿ ಆಗಲ್ವಾ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ನಿಯಮ ಇಲ್ಲದಿದ್ದರೆ ಜಾಸ್ತಿ ಆಗುತ್ತದೆ. ಬೇಕಾದಾಗ ಹೋಗಿ ಬೇಕಾದಾಗ ಬರುವಂತಿದ್ದರೆ ಅಗಲಿಕೆಗೆ ಬೆಲೆಯೇ ಇರುವುದಿಲ್ಲ. ಈ ಸರಣಿಯಲ್ಲಿ ಕಲ್ಲು ದಾಟುವ ಶಕ್ತಿ ಎಲ್ಲರಿಗೂ ಇಲ್ಲ, ಅದು ರಕ್ತದಲ್ಲಿ ಬರಬೇಕು. ದಾಟುವುದು ಪ್ರಾಣಕ್ಕೇ ಸಂಚಕಾರ. ಹಳೇ ಹಬ್ಬದ ದಿನಗಳಲ್ಲಿ ಬಾಗಿಲು ಸುಲಭ. ದೆವ್ವದ ವಿಷಯದಲ್ಲಿ ಲೇಖಕಿ ಇನ್ನೂ ಬಿಗಿ. ಮೊದಲ ಪುಸ್ತಕದ ಶುರುವಿನಲ್ಲೇ, ಮಳೆಯ ರಾತ್ರಿ, ಹೈಲ್ಯಾಂಡ್ ಉಡುಪಿನ ಒಬ್ಬ ಕ್ಲೇರ್‌ಳ ಕಿಟಕಿ ನೋಡುತ್ತಾ ನಿಂತಿರುತ್ತಾನೆ. ಅವಳ ಗಂಡ ಮಾತಾಡಿಸಲು ಹೋದರೆ ಮಾಯ. ಅವನು ಯಾಕೆ ಬಂದ ಅನ್ನುವುದಕ್ಕೆ 2021ರಲ್ಲಿ ಬಂದ ಒಂಬತ್ತನೇ ಪುಸ್ತಕದಲ್ಲೂ ಉತ್ತರ ಇಲ್ಲ. ಅಷ್ಟು ತಾಳ್ಮೆ ಇರುವವರ ಕೈಯಲ್ಲಿ ಎಷ್ಟು ಮಾಟ ಇದ್ದರೂ ನನಗೆ ಭಾರ ಅನಿಸುವುದಿಲ್ಲ.

ಪ್ರಶ್ನೆ: ಹತ್ತನೇ ಕ್ಲಾಸಿನ ಮಗಳು ಕೇಳುತ್ತಿದ್ದಾಳೆ. ಕೊಡಬಹುದಾ? (ತಾಯಿ, ದಾವಣಗೆರೆ)

ಈಗಲೇ ಬೇಡಮ್ಮ. ಗಂಡ ಹೆಂಡತಿಗೆ ಬೆಲ್ಟಿನಿಂದ ಹೊಡೆಯುವ ದೃಶ್ಯ ಇದೆ, ಜೈಲಿನಲ್ಲಿ ನಾಯಕನ ಮೇಲೆ ನಡೆಯುವ ಲೈಂಗಿಕ ಹಿಂಸೆ ವಿವರವಾಗಿ ಇದೆ. ದೊಡ್ಡವರಿಗೇ ಅರಗಿಸಿಕೊಳ್ಳುವುದು ಕಷ್ಟ. ಹದಿನೆಂಟು ತುಂಬಲಿ. ಆಗಲೂ ನೀವು ಮೊದಲು ಓದಿ, ಆಮೇಲೆ ಇಬ್ಬರೂ ಕೂತು ಮಾತಾಡಿ.

ಪ್ರಶ್ನೆ: ಸ್ಕಾಟ್ಲೆಂಡಿನ ಜಗಳಕ್ಕೂ ನಮಗೂ ಏನು ಸಂಬಂಧ? ನಮ್ಮ ನೆಲದ ಮೇಲೆ ಇಂಥ ಕಥೆ ಬರೆಯಬಹುದಾ? ನನಗೆ ಬರೆಯುವ ಆಸೆ ಇದೆ. (ಓದುಗ, ಮೈಸೂರು)

ಸಂಬಂಧ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲಿಯಡ್ ಅಂತ ಒಬ್ಬ. ಇನ್ನೂ ಇಪ್ಪತ್ತು ತುಂಬದ ಹುಡುಗ, ಅಪ್ಪನ ಜೊತೆ ಚಾರ್ಲ್ಸ್ ಪರವಾಗಿ ದಂಗೆಗೆ ಇಳಿದ. ಕಲೋಡನ್ ಯುದ್ಧದ ಹಿಂದಿನ ದಿನವೇ ಸೆರೆಸಿಕ್ಕ, ಅದರಿಂದಲೇ ಬಹುಶಃ ಬದುಕಿಕೊಂಡ. ಆಮೇಲೆ ಕ್ಷಮೆ ಸಿಕ್ಕಿತು, ಸ್ವೀಡನ್ ಸೈನ್ಯಕ್ಕೆ ಸೇರಿದ. ವಯಸ್ಸಾದ ಮೇಲೆ, 1778ರ ಹೊತ್ತಿಗೆ, ತಾನು ಯಾವ ರಾಜಮನೆತನದ ವಿರುದ್ಧ ಎದ್ದಿದ್ದನೋ ಅದಕ್ಕೇ ಒಂದು ಹೈಲ್ಯಾಂಡ್ ದಳ ಕಟ್ಟಿಕೊಟ್ಟ. ಊರಿನ ಗಂಡಸರಿಗೆ ಆ ಉಡುಪು ಇನ್ನೂ ನಿಷಿದ್ಧ, ಸೈನ್ಯದಲ್ಲಿದ್ದರೆ ಮಾತ್ರ ಹಾಕಬಹುದಿತ್ತು.

ಆ ದಳ 1780ರಲ್ಲಿ ಮದರಾಸಿಗೆ ಬಂತು. ಅದೇ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಪುಡಿಮಾಡಿದರು. ಅದರಲ್ಲಿ ಈ ಹೈಲ್ಯಾಂಡ್ ದಳದ ಎರಡು ತುಕಡಿಗಳೂ ಇದ್ದವು. ಉಳಿದವರು ಶ್ರೀರಂಗಪಟ್ಟಣದಲ್ಲಿ ಕೈದಿಗಳಾದರು. ಅವರಲ್ಲಿ ಡೇವಿಡ್ ಬೇರ್ಡ್ ಒಬ್ಬ. ಮೂರೂವರೆ ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನೂ ಅವನೇ.

ನೋಡಿ, ನಿಮಗೆ ತಾರೀಕು ಸಿಕ್ಕಿತು. 1799ರ ಮೇ 4. ಕೋಟೆಯೊಳಗೆ ಯಾರನ್ನೋ ಪ್ರೀತಿಸುವ, ಆದರೆ ಆ ದಿನ ಏನಾಗುತ್ತದೆ ಅಂತ ಶಾಲೆಯ ಪಾಠದಲ್ಲೇ ಓದಿರುವ ಇವತ್ತಿನ ಹುಡುಗಿಯೊಬ್ಬಳನ್ನು ಅಲ್ಲಿಗೆ ಕಳಿಸಿ. ಅವಳು ಯಾರಿಗೆ ಹೇಳುತ್ತಾಳೆ? ಹೇಳಿದರೆ ಯಾರು ನಂಬುತ್ತಾರೆ? ಬಾಗಿಲು ಯಾವುದು ಅಂತ ನೀವೇ ಯೋಚಿಸಿ, ಆದರೆ ಅದಕ್ಕೊಂದು ನಿಯಮ ಇರಲಿ. ಸುಮ್ನೆ ಕೂತು ಊಹಿಸಬೇಡಿ. ಗಬಾಲ್ಡನ್ ಕೂಡ ಸ್ಕಾಟ್ಲೆಂಡ್ ನೋಡದೆಯೇ ಬರೆಯಲು ಶುರು ಮಾಡಿದವರು, ಅವರನ್ನು ನಡೆಸಿದ್ದು ಗ್ರಂಥಾಲಯ. ಸೆರೆಯಲ್ಲಿದ್ದವರು ಬರೆದಿಟ್ಟ ನೆನಪುಗಳು ಇವೆ, ಓದಿ. ಅವರು ಏನು ತಿಂದರು, ಗಾಯಕ್ಕೆ ಏನು ಹಚ್ಚಿದರು, ಅದನ್ನು ಹುಡುಕಿ. ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧವೇ ಇದೆ. ಪಲ್ಲಕ್ಕಿಯಲ್ಲಿ ಕೂತ ಬೇಲಿಯನ್ನೂ ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳನ್ನೂ ಹತ್ತಿರ ನಿಂತು ನೋಡಿ ಬನ್ನಿ. ಮೊದಲ ಅಧ್ಯಾಯ ಬರೆದಾದ ಮೇಲೆ ಈ ಅಂಕಣದ ವಿಳಾಸಕ್ಕೆ ಕಳಿಸಿ, ನಾನು ಓದುತ್ತೇನೆ.